ಎವೆಯಿಕ್ಕದ ಹಲ್ಲಿ

ಗದಗಿಗೆ ಸಮೀಪದ ಲಕ್ಕುಂಡಿಗೆ ಹೋದವರು ಅತ್ತಿಮಬ್ಬೆಯು 1007ರಲ್ಲಿ ಕಟ್ಟಿಸಿದ ಬ್ರಹ್ಮಜಿನಾಲಯವನ್ನೂ ಕಾಶಿವಿಶ್ವೇಶ್ವರ ದೇವಾಲಯದ ಸೂಕ್ಷ್ಮ ಕೆತ್ತನೆಯನ್ನೂ ಕಂಡು ಮರಳುತ್ತಾರೆ. ಆ ಸೀಮೆಯ ಉಳದ ನೆಲವನ್ನು, ಕುರುಚಲು ಹುಲ್ಲನ್ನು ನಿಂತು ನೋಡುವವರು ವಿರಳ. ಅಂತಹ ನೆಲಕ್ಕೆ ನಾವಿಟ್ಟಿರುವ ಹೆಸರು ‘ಬೀಳು’. ಆದರೆ ಕನ್ನಡನಾಡಿನ ಇಂತಹ ಒಣಬಯಲುಗಳನ್ನೇ ಮನೆಯಾಗಿಸಿಕೊಂಡ ಪುಟ್ಟ ಹಲ್ಲಿಗಳುಂಟು.

ಪ್ರಾಣಿಶಾಸ್ತ್ರಜ್ಞರು ಇವುಗಳ ಕುಲವನ್ನು ‘ಓಫಿಸಾಪ್ಸ್’ ಎನ್ನುತ್ತಾರೆ. ಗ್ರೀಕ್ ಭಾಷೆಯಲ್ಲಿ ‘ಓಫಿಸ್’ ಎಂದರೆ ಹಾವು. ಹಾವಿನಂತೆಯೇ ಈ ಹಲ್ಲಿಯೂ ಎವೆಯಿಕ್ಕಲಾರದು. ಇದರ ಕೆಳರೆಪ್ಪೆಯು ಮೇಲಿನದರೊಡನೆ ಬೆಸೆದುಕೊಂಡು, ಗಾಜಿನಂತೆ ಪಾರದರ್ಶಕವಾಗಿ ಕಣ್ಣನ್ನು ಆವರಿಸಿದೆ. ಕಣ್ಣಿಗೆ ಹುಟ್ಟಿನಿಂದಲೇ ಕನ್ನಡಕ ತೊಡಿಸಿದಂತೆ! ಇವುಗಳಲ್ಲೊಂದು, 1853ರಲ್ಲಿ ಎಡ್ವರ್ಡ್ ಬ್ಲೈತ್ ಹೆಸರಿಸಿದ ಜೆರ್ಡನನ ಹಲ್ಲಿ. ಅದರ ಮೂತಿಯಿಂದ ಬಾಲದ ಬುಡದವರೆಗಿನ ಉದ್ದ ಕೇವಲ 4–5 ಸೆಂಟಿಮೀಟರ್. ಬಾಲವೋ ದೇಹಕ್ಕಿಂತ ಬಹಳ ಉದ್ದ. ಅಮೆರಿಕದ ಒಣನಾಡುಗಳಲ್ಲಿರುವ ಚಾವಟಿಬಾಲದ ಹಲ್ಲಿಗಳು ಇದರ ದೂರದ ಬಂಧುಗಳು.

ಹಗಲಿನಲ್ಲಿ ಇದು ಬಿಸಿಲಿಗೆ ಮೈಯೊಡ್ಡಿ ಕಾಯಿಸಿಕೊಂಡು, ಹುಲ್ಲಿನ ಒಂದು ಗುಚ್ಛದಿಂದ ಇನ್ನೊಂದಕ್ಕೆ ಬಾಣದಂತೆ ಓಡಿ ಕೀಟಗಳನ್ನು ಹಿಡಿಯುತ್ತದೆ. ಮೈ ಬಿಸಿಯೇರಿದರೆ ನೆರಳನ್ನು ಸೇರುತ್ತದೆ. ಓಟದಲ್ಲಿ ಬಾಲವು ತೂಕವನ್ನು ಸರಿದೂಗಿಸುತ್ತದೆ. ಶತ್ರುವು ಹಿಡಿದಾಗ ಬಾಲ ಕಳಚಿ ಬೀಳುತ್ತದೆ, ಪ್ರಾಣ ಉಳಿಯುತ್ತದೆ. ಮತ್ತೆ ಬೆಳೆಯುವ ಬಾಲದಲ್ಲಿ ಎಲುಬಿನ ಮಣಿಗಳಿರುವುದಿಲ್ಲ. ಮೃದ್ವಸ್ಥಿಯ ಕಡ್ಡಿಯೊಂದೇ ಇರುತ್ತದೆ.

ಹೀಗೆ ಬಿಸಿಲು, ಹುಲ್ಲು, ಬರಿನೆಲ ಮೂರೂ ಕೂಡಿದೆಡೆಯಲ್ಲಿ ಮಾತ್ರ ಇದರ ಬಾಳು ಸಾಗುತ್ತದೆ. ಇದರಿಂದ ಮಹತ್ವದ ಪ್ರಶ್ನೆಯೊಂದು ಏಳುತ್ತದೆ. ನಮ್ಮ ಹುಲ್ಲುಬಯಲುಗಳು ಮನುಷ್ಯನು ಕಾಡು ಕಡಿದುದರಿಂದ ಉಂಟಾದವೆಂಬ ನಂಬಿಕೆ ಬಹುಕಾಲ ಪ್ರಚಲಿತವಾಗಿತ್ತು. ಈಶಾನ್ ಅಗರ್ವಾಲ್ ಮತ್ತು ಉಮಾ ರಾಮಕೃಷ್ಣನ್ ಇವರು ಭಾರತದ ಈ ಹಲ್ಲಿಗಳ ವಂಶವಾಹಿಗಳನ್ನು ಹೋಲಿಸಿ, ಅವುಗಳ ವಂಶವೃಕ್ಷವನ್ನು 2017ರಲ್ಲಿ ಪ್ರಕಟಿಸಿದರು. ಮನುಷ್ಯನು ಕೊಡಲಿ ಹಿಡಿಯುವುದಕ್ಕೆ ಲಕ್ಷಾಂತರ ವರ್ಷ ಮೊದಲೇ ಇವು ಕವಲೊಡೆದಿದ್ದವು. ಬಯಲಿನಲ್ಲಷ್ಟೇ ಬಾಳುವ ಜೀವಿಗಳು ಅಷ್ಟು ಹಿಂದೆಯೇ ಇದ್ದುವೆಂದರೆ, ಬಯಲೂ ಅಷ್ಟೇ ಹಳೆಯದಾಗಿರಬೇಕಲ್ಲವೇ?

ಬೀಳೆಂದು ಬಗೆದು ಉತ್ತರೆ ಹುಲ್ಲು ಹೋಗುತ್ತದೆ. ಹಸಿರಿನ ಆಸೆಯಿಂದ ಒತ್ತಾಗಿ ಗಿಡ ನೆಟ್ಟರೆ ಬಿಸಿಲು ಹೋಗುತ್ತದೆ. ಎರಡರಿಂದಲೂ ಈ ಹಲ್ಲಿಗೆ ಎರವೇ. ಲಕ್ಕುಂಡಿಯ ಸಾವಿರ ವರ್ಷದ ಶಿಲ್ಪವನ್ನು ಜೋಪಾನ ಮಾಡಬೇಕೆಂದು ನಾವು ಅರಿತಿದ್ದೇವೆ. ಅದಕ್ಕಿಂತ ಎಷ್ಟೋ ಪಾಲು ಪ್ರಾಚೀನವಾದ ಹುಲ್ಲುನೆಲಕ್ಕೂ ಅಂತಹುದೇ ರಕ್ಷಣೆ ಸಲ್ಲಬೇಕು.