ವಿದ್ಯಾಲಯದ ವಾರ್ಷಿಕ ಪಟ್ಟಿಯೂ ನಮ್ಮ ಮಕ್ಕಳ ಆರೋಗ್ಯವೂ

ಜೂನ್-ಜುಲೈ ತಿಂಗಳು ಬಂದಿತೆಂದರೆ ಗುಜರಾತಿನ ಕನ್ನಡಿಗರ ಮನೆಗಳಿಗೆ ಊರಿನಿಂದ ಒಂದಾದರೂ ದೂರವಾಣಿ ಕರೆ ಬರುವುದು ವಾಡಿಕೆ. "ನಮ್ಮ ಹುಡುಗನಿಗೆ ನಿಮ್ಮ ಕಡೆ ಸೀಟು ಸಿಕ್ಕಿದೆ, ಹಾಸ್ಟೆಲಿನಲ್ಲಿರುತ್ತಾನೆ, ಸ್ವಲ್ಪ ನೋಡಿಕೊಳ್ಳಿ" ಎಂಬುದು ಅದರ ಸಾರಾಂಶ. ನಾವೂ "ಅಗತ್ಯವಾಗಿ" ಎನ್ನುತ್ತೇವೆ. (ಬೋಪಾಲ್ ನಿವಾಸಿಗಳಾದ ನಮಗೆ ಇನ್ನೊಂದು ಪೀಕಲಾಟವುಂಟು. ಊರಿನ ಅರ್ಧ ಜನ ಅದನ್ನು ಮಧ್ಯಪ್ರದೇಶದ ಭೋಪಾಲವೆಂದೇ ನಂಬಿರುತ್ತಾರೆ. ಅಹಮದಾಬಾದಿನ ಪಶ್ಚಿಮದ ಅಂಚಿನಲ್ಲಿದ್ದು 2020ರಲ್ಲಿ ಮಹಾನಗರಪಾಲಿಕೆಗೆ ಸೇರಿದ ಬಡಾವಣೆಯಿದು ಎಂದು ಎಷ್ಟು ಸಲ ವಿವರಿಸಬೇಕೋ!) ಆದರೆ ನೋಡಿಕೊಳ್ಳುವುದೆಂದರೇನು? ಒಂದು ಭಾನುವಾರ ಕರೆದು ಬಿಸಿಬೇಳೆಭಾತ್ ಬಡಿಸಿದರೆ ಮುಗಿಯಿತೆ? ಆ ಮಗುವಿನ ವಿದ್ಯಾಲಯದ ವಾರ್ಷಿಕ ಕಾರ್ಯಕ್ರಮಗಳ ಪಟ್ಟಿಯನ್ನು ನಮ್ಮ ಮನೆಯ ಪಂಚಾಂಗದ ಪಕ್ಕದಲ್ಲಿಯೇ ತೂಗುಹಾಕಬೇಕೆಂಬುದು ಈ ಲೇಖಕನ ಅನುಭವ.

ಕನ್ನಡದ ಮಕ್ಕಳು ಈ ನಾಡಿಗೆ ಓದಲು ಬರುವುದು ಇಂದು ನಿನ್ನೆಯ ಮಾತಲ್ಲ. ಉಡುಪಿಯ ಬಳಿಯ ಅದಮಾರಿನಲ್ಲಿ ಜನಿಸಿದ ಪ್ರೊ. ಯು. ಆರ್. ರಾವ್ ಅವರು ಅಹಮದಾಬಾದಿನ ಭೌತ ಸಂಶೋಧನಾಲಯದಲ್ಲಿ ಡಾ. ವಿಕ್ರಮ್ ಸಾರಾಭಾಯಿಯವರ ಮಾರ್ಗದರ್ಶನದಲ್ಲಿ ಸಂಶೋಧನೆ ನಡೆಸಿ, 1960ರಲ್ಲಿ ಗುಜರಾತ್ ವಿಶ್ವವಿದ್ಯಾಲಯದ ಡಾಕ್ಟರೇಟ್ ಪಡೆದರು. ಬೆಂಗಳೂರಿನ ಕಲಾವಿದೆ ಪುಷ್ಪಮಾಲಾ ಎನ್. ಅವರು ಶಿಲ್ಪಕಲೆಯನ್ನು ಅಭ್ಯಸಿಸಿದ್ದು ವಡೋದರದ ಮಹಾರಾಜಾ ಸಯಾಜಿರಾವ್ ವಿಶ್ವವಿದ್ಯಾಲಯದಲ್ಲಿ. ಸೂರತ್ತಿನ ರಾಷ್ಟ್ರೀಯ ತಂತ್ರಜ್ಞಾನ ಸಂಸ್ಥೆಯಲ್ಲಂತೂ ಅರ್ಧದಷ್ಟು ಸ್ಥಾನಗಳು ಹೊರರಾಜ್ಯದವರಿಗೇ ಮೀಸಲು.

ವಿದ್ಯಾಲಯದ ಪಟ್ಟಿಯಲ್ಲಿ ಮೊದಲು ಬರುವುದು ಆಗಸ್ಟ್ 23ರ ರಾಷ್ಟ್ರೀಯ ಬಾಹ್ಯಾಕಾಶ ದಿನ. ಅನಂತರ ಅಕ್ಟೋಬರ್ 4ರಿಂದ 10ರವರೆಗಿನ ವಿಶ್ವ ಅಂತರಿಕ್ಷ ಸಪ್ತಾಹ. ಸಾರಾಭಾಯಿಯವರ ಊರಿನಲ್ಲಿ ಇವಕ್ಕೆ ವಿಶೇಷ ಕಳೆ. ಭಾಷಣಗಳನ್ನು ಮಕ್ಕಳು ಕೇಳುತ್ತಾರೋ ಇಲ್ಲವೋ, ಕುರ್ಚಿ ಜೋಡಿಸಲು ಹೋದ ಹುಡುಗನಿಗೆ ಸಂಜೆಯೊಳಗೆ ಹತ್ತು ಮಂದಿಯ ಪರಿಚಯವಾಗಿರುತ್ತದೆ. ಹೊಸದಾಗಿ ಮನೆ ಬಿಟ್ಟು ಬಂದವನಿಗೆ ಇದಕ್ಕಿಂತ ಒಳ್ಳೆಯ ಟಾನಿಕ್ ಯಾವ ಅಂಗಡಿಯಲ್ಲಿಯೂ ದೊರೆಯದು.

ಬಳಿಕ ನವರಾತ್ರಿ. ನಮ್ಮಲ್ಲಿ ಬೊಂಬೆ ಕೂರಿಸಿ, ಬನ್ನಿ ಹಂಚುವ ಹಬ್ಬವಾದರೆ ಇಲ್ಲಿ ಒಂಬತ್ತು ಇರುಳು ಗರ್ಬಾ. ವಡೋದರದ ಲಲಿತಕಲಾ ವಿಭಾಗದ ವಿದ್ಯಾರ್ಥಿಗಳ ಗರ್ಬಾ ಊರಿಗೇ ಹೆಸರಾದುದು. ನಮ್ಮ ಮಕ್ಕಳು ಅವಶ್ಯವಾಗಿ ಕುಣಿಯಲಿ. ಆದರೆ ಹಗಲು ಉಪವಾಸ, ರಾತ್ರಿ ಮೂರು ಗಂಟೆಗಳ ಸುತ್ತಾಟ, ಬೆಳಗ್ಗೆ ತರಗತಿ ಎಂಬ ದಿನಚರಿಯನ್ನು ಎಳೆಯ ದೇಹವೂ ಬಹಳ ದಿನ ತಾಳದು. ಒಂದೆರಡು ವಾರ ಮುಂಚಿತವಾಗಿ ದಿನವೂ ಅರ್ಧ ಗಂಟೆ ಬಿರುಸಾಗಿ ನಡೆದು ಅಭ್ಯಾಸ ಮಾಡಿಕೊಳ್ಳುವುದು ಲೇಸು. ಆಟಕ್ಕೆ ಮುನ್ನ ಹಗುರವಾದ ಆಹಾರವಿರಲಿ. ಬೆವರು ಬಹಳ ಹರಿದಿದ್ದರೆ, ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಸಮನಾಗಿ ತುಂಬಿದ ಆರು ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಬೆರೆಸಿ ಗುಟುಕು ಗುಟುಕಾಗಿ ಕುಡಿಯಬಹುದು. ಮಕ್ಕಳೊಂದಿಗೆ ಹೆಜ್ಜೆ ಹಾಕಹೊರಡುವ ನಮ್ಮಂಥ ನಡುವಯಸ್ಸಿನವರಿಗೆ ಒಂದು ಮಾತು: ಎದೆಯಲ್ಲಿ ಬಿಗಿತ, ಎಡದೋಳಿಗೋ ದವಡೆಗೋ ಹರಿಯುವ ನೋವು, ತಣ್ಣನೆಯ ಬೆವರು ಕಾಣಿಸಿದರೆ "ವಾಯು" ಎಂದು ಸೋಡಾ ಕುಡಿದು ಕುಳಿತುಕೊಳ್ಳಬೇಡಿ. 108ಕ್ಕೆ ಕರೆ ಮಾಡಿ. ಈ ಸೇವೆ ಗುಜರಾತಿನಲ್ಲಿ 2007ರಿಂದಲೂ ಇದೆ.

ಜನವರಿ 14ರ ಉತ್ತರಾಯಣಕ್ಕೆ ಇಡೀ ವಿದ್ಯಾಲಯವೇ ಮಾಳಿಗೆ ಏರುತ್ತದೆ. ಗಾಜಿನ ಪುಡಿ ಸವರಿದ ದಾರ ಬೆರಳನ್ನಷ್ಟೇ ಅಲ್ಲ, ದ್ವಿಚಕ್ರ ವಾಹನದಲ್ಲಿ ಹೋಗುವವರ ಕೊರಳನ್ನೂ ಕೊಯ್ದ ಉದಾಹರಣೆಗಳಿವೆ. ಆ ವಾರವೆಲ್ಲ ಕೊರಳಿಗೆ ದಪ್ಪ ವಸ್ತ್ರ ಸುತ್ತಿಕೊಳ್ಳಬೇಕು. ಕೈಪಿಡಿಗೆ ತಂತಿಯ ಕಮಾನು ಕಟ್ಟಿಸುವುದು ಇನ್ನೂ ಉತ್ತಮ. ವಿದ್ಯಾಲಯಗಳ ರಕ್ತದಾನ ಶಿಬಿರಗಳ ವಿಷಯವನ್ನೂ ಹೇಳಿಬಿಡುತ್ತೇನೆ: 18 ವರ್ಷ ತುಂಬಿ, 45 ಕಿಲೋ ತೂಕ, 12.5ರಷ್ಟು ಹಿಮೋಗ್ಲೋಬಿನ್ ಇರುವ ಆರೋಗ್ಯವಂತರು ಧೈರ್ಯವಾಗಿ ಕೊಡಬಹುದು.

ಇನ್ನು ಪಟ್ಟಿಯಲ್ಲಿ ಏನನ್ನೂ ಬರೆಯದ ದಿನಗಳು. ರಾಜ್ಯದ ವಿಶ್ವವಿದ್ಯಾಲಯಗಳಿಗೆ ದೀಪಾವಳಿಗೆ ಸುಮಾರು ಮೂರು ವಾರ ರಜೆ. ಸ್ಥಳೀಯ ಮಕ್ಕಳು ಮನೆಗೆ ಹೋಗುತ್ತಾರೆ, ಊಟದ ಮೆಸ್ಸು ಮುಚ್ಚುತ್ತದೆ, ಹುಬ್ಬಳ್ಳಿ-ಬೆಂಗಳೂರು ಕಡೆಯ ರೈಲುಗಳಲ್ಲಿ ಸ್ಥಳ ದೊರೆಯುವುದಿಲ್ಲ. ಕೆಲವು ವರ್ಷಗಳ ಹಿಂದೆ ಧಾರವಾಡ ಕಡೆಯ ಒಬ್ಬ ಹುಡುಗ ಹೀಗೆಯೇ ಉಳಿದಿದ್ದ. ಮೂರು ದಿನ ಜ್ವರದಲ್ಲಿ ಬಿಸ್ಕತ್ತು ತಿಂದುಕೊಂಡು ಮಲಗಿದ್ದನಂತೆ. ತಾಯಿಗೆ ಮಾತ್ರ "ಆರಾಮ ಇದ್ದೀನಿ" ಎನ್ನುತ್ತಿದ್ದ. ನಾಲ್ಕನೆಯ ದಿನ ಜ್ವರ ಇಳಿಯಿತೆಂದು ನಮ್ಮ ಮನೆಗೆ ಬಂದ. ಕಾಲಿನ ಮೇಲಿನ ಕೆಂಪು ಚುಕ್ಕೆಗಳನ್ನು ಕಂಡು ನನ್ನ ಶ್ರೀಮತಿ ಆಗಲೇ ಆಸ್ಪತ್ರೆಗೆ ಹೊರಡಿಸಿದಳು. ಡೆಂಗ್ಯೂ ಎಂದರು, ಆರು ದಿನ ಮಲಗಬೇಕಾಯಿತು. "ಮೊದಲೇ ಯಾಕೋ ಹೇಳಲಿಲ್ಲ?" ಎಂದಾಗ ಅವನು ಹೇಳಿದ್ದಿಷ್ಟೇ: "ಯಾರಿಗೆ ಹೇಳೋದು ತಿಳೀಲಿಲ್ರೀ ಕಾಕೂ."

ಡೆಂಗ್ಯೂವಿನಲ್ಲಿ ಜ್ವರ ಇಳಿಯುವ ಹೊತ್ತೇ ಎಚ್ಚರದ ಹೊತ್ತು. ಹೊಟ್ಟೆನೋವು, ಬಿಡದ ವಾಂತಿ, ಒಸಡಿನಲ್ಲಿ ರಕ್ತ ಕಂಡರೆ ತಡಮಾಡಬಾರದು. ಪ್ಯಾರಸಿಟಮಾಲ್ ಹೊರತು ಆಸ್ಪಿರಿನ್, ಐಬುಪ್ರೊಫೆನ್‌ಗಳನ್ನು ಮುಟ್ಟಬಾರದು. ಮನಸ್ಸಿನ ಜ್ವರಕ್ಕೂ ದಾರಿಯುಂಟು. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸೇವೆಗೆ ನಮ್ಮ ನಿಮ್ಹಾನ್ಸ್ ಕೇಂದ್ರಸ್ಥಾನ. 14416ಕ್ಕೆ ಯಾವ ಹೊತ್ತಿನಲ್ಲಿಯೂ ಶುಲ್ಕವಿಲ್ಲದೆ ಕರೆ ಮಾಡಿ, ಕನ್ನಡದಲ್ಲಿಯೇ ಮಾತನಾಡಬಹುದು.

ನವೆಂಬರ್ 1ರ ರಾಜ್ಯೋತ್ಸವವನ್ನು "ರಜೆಯಲ್ಲಿ ಜನ ಸೇರುವುದಿಲ್ಲ" ಎಂದು ಮುಂದೂಡುವ ರೂಢಿ ನಮ್ಮಲ್ಲಿದೆ. ಸಭಾಂಗಣದ ಸಮಾರಂಭವನ್ನು ಬೇಕಾದರೆ ಮುಂದೂಡೋಣ. ಆದರೆ ಹಾಸ್ಟೆಲುಗಳು ಬರಿದಾದ ಆ ವಾರದಲ್ಲಿಯೇ ಯಾರದಾದರೂ ಮನೆಯ ಪಡಸಾಲೆಯಲ್ಲಿ ಒಂದು ಊಟ ನಡೆಯಲಿ. ನಿಮಗೆ ತಿಳಿದಿರುವ ಕನ್ನಡ ವಿದ್ಯಾರ್ಥಿಗಳ ಹೆಸರು, ಹಾಸ್ಟೆಲಿನ ಕೊಠಡಿ ಸಂಖ್ಯೆ, ರಕ್ತದ ಗುಂಪು, ರಜೆಯಲ್ಲಿ ಊರಿಗೆ ಹೋಗುವರೋ ಇಲ್ಲವೋ, ಇಷ್ಟನ್ನು ವಿಜಯದಶಮಿಯೊಳಗೆ ಕಾರ್ಯದರ್ಶಿಗಳಿಗೆ ಬರೆದು ತಿಳಿಸಿರಿ.