ಹಸಿರುಮನೆ ಅನಿಲಗಳಿಂದ ಕಚ್ಚಾವಸ್ತು: ನಿಕ್ಕಲ್ ನ್ಯಾನೊ ವೇಗವರ್ಧಕಗಳ ಜಮಾ-ಖರ್ಚು

ದಾಭೋಳ–ಬೆಂಗಳೂರು ಕೊಳವೆಮಾರ್ಗವು 2013ರಲ್ಲಿ ಕಾರ್ಯಾರಂಭಗೊಂಡ ತರುವಾಯ ಬೆಂಗಳೂರಿನ ಸುತ್ತಲಿನ ಉದ್ಯಮಗಳಿಗೆ ನೈಸರ್ಗಿಕ ಅನಿಲವು ಪರಿಚಿತ ಇಂಧನವಾಗಿದೆ. ಇದರ ಮುಖ್ಯ ಘಟಕ ಮೀಥೇನ್. ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ತಾಲ್ಲೂಕುಗಳ ರೈತರಿಗೆ ಪರಿಚಿತವಾದ ಗೋಬರ್ ಅನಿಲದಲ್ಲಿಯೂ ಸುಮಾರು ಶೇ. 60ರಷ್ಟು ಮೀಥೇನ್ ಇದ್ದು, ಉಳಿದುದರಲ್ಲಿ ಬಹುಪಾಲು ಇಂಗಾಲದ ಡೈಆಕ್ಸೈಡ್ ಆಗಿರುತ್ತದೆ. ಇವೆರಡನ್ನೂ ಸುಮಾರು 800 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಪರಸ್ಪರ ವರ್ತಿಸುವಂತೆ ಮಾಡಿದರೆ ಕಾರ್ಬನ್ ಮಾನಾಕ್ಸೈಡ್ ಮತ್ತು ಜಲಜನಕಗಳ ಮಿಶ್ರಣವು ದೊರೆಯುತ್ತದೆ. ಇದಕ್ಕೆ ಸಿನ್‌ಗ್ಯಾಸ್ ಎಂದು ಹೆಸರು. ಮೆಥನಾಲ್, ಕೃತಕ ಡೀಸೆಲ್ ಮುಂತಾದವುಗಳಿಗೆ ಇದೇ ಮೂಲವಸ್ತು.

ಲೆಕ್ಕ ಸರಳವಾಗಿದೆ. 16 ಕಿ.ಗ್ರಾಂ. ಮೀಥೇನ್ ಹಾಗೂ 44 ಕಿ.ಗ್ರಾಂ. ಇಂಗಾಲದ ಡೈಆಕ್ಸೈಡ್ ಪೂರ್ಣವಾಗಿ ವರ್ತಿಸಿದರೆ 56 ಕಿ.ಗ್ರಾಂ. ಕಾರ್ಬನ್ ಮಾನಾಕ್ಸೈಡ್ ಮತ್ತು 4 ಕಿ.ಗ್ರಾಂ. ಜಲಜನಕ ಲಭಿಸುತ್ತವೆ.

ಈ ಕ್ರಿಯೆಗೆ ವೇಗವರ್ಧಕ ಅನಿವಾರ್ಯ. ರೋಡಿಯಂ, ಪ್ಲಾಟಿನಂಗಳಂತಹ ಅಮೂಲ್ಯ ಲೋಹಗಳಿಗೆ ಹೋಲಿಸಿದರೆ ನಿಕ್ಕಲ್ ಬಹಳ ಅಗ್ಗ. ಆದರೆ ಅದರ ಮೇಲೆ ಮಸಿಯಂತೆ ಇಂಗಾಲವು ಕೂಡಿಕೊಳ್ಳುತ್ತದೆ; ಶಾಖಕ್ಕೆ ಲೋಹದ ಕಣಗಳು ಒಂದಕ್ಕೊಂದು ಬೆಸೆದು ದಪ್ಪವಾಗುತ್ತವೆ. ಎರಡರಿಂದಲೂ ಕಾರ್ಯಕ್ಷಮತೆ ಕುಗ್ಗುತ್ತದೆ. ಕಣಗಳನ್ನು ಕೆಲವೇ ನ್ಯಾನೊಮೀಟರ್ ಗಾತ್ರಕ್ಕೆ ಇಳಿಸಿ, ಆಧಾರವಸ್ತುವಿನ ಮೇಲೆ ಭದ್ರವಾಗಿ ನಿಲ್ಲಿಸಿದರೆ ಈ ದೋಷ ತಗ್ಗುತ್ತದೆ. ಮೆಗ್ನೀಷಿಯಂ ಆಕ್ಸೈಡ್ ಹರಳುಗಳ ಮೇಲಿನ ನಿಕ್ಕಲ್-ಮಾಲಿಬ್ಡಿನಂ ನ್ಯಾನೊಕಣಗಳು 800 ಡಿಗ್ರಿಯಲ್ಲಿ 850 ಗಂಟೆಗಳ ಕಾಲ ಸತತವಾಗಿ ದುಡಿದುದನ್ನು ದಕ್ಷಿಣ ಕೊರಿಯಾದ ಸಂಶೋಧಕರು 2020ರಲ್ಲಿ ಪ್ರಕಟಿಸಿದರು. ಜರ್ಮನಿಯ ಲಿಂಡೆ ಸಂಸ್ಥೆಯು ಇಂತಹ ಕ್ರಿಯೆಗಾಗಿ 2015ರಲ್ಲಿ ಮ್ಯೂನಿಕ್ ಬಳಿಯ ಪುಲ್ಲಾಖ್‌ನಲ್ಲಿ ಪ್ರಾಯೋಗಿಕ ಸ್ಥಾವರವನ್ನು ಆರಂಭಿಸಿತು.

ದೇವನಹಳ್ಳಿ ಮಾರ್ಗದಲ್ಲಿರುವ ಜಕ್ಕೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಪ್ರೊ. ಸೆಬಾಸ್ಟಿಯನ್ ಪೀಟರ್ ಅವರ ತಂಡವು ಇಂಗಾಲದ ಡೈಆಕ್ಸೈಡನ್ನು ಮೆಥನಾಲ್ ಆಗಿ ಪರಿವರ್ತಿಸುವ ಕಾರ್ಯದಲ್ಲಿ ತೊಡಗಿದೆ. ಅದರಿಂದ ಹುಟ್ಟಿದ ‘ಬ್ರೀದ್’ ಸಂಸ್ಥೆಯು 2018ರಲ್ಲಿ ಅಂತರರಾಷ್ಟ್ರೀಯ ಕಾರ್ಬನ್ ಎಕ್ಸ್‌ಪ್ರೈಜ್ ಸ್ಪರ್ಧೆಯ ಅಂತಿಮ ಸುತ್ತನ್ನು ತಲುಪಿತು. ವಿಧಾನ ಬೇರೆಯಾದರೂ ಗುರಿ ಸಮೀಪದ್ದೇ.

ಇನ್ನು ಖರ್ಚಿನ ಬಾಬತ್ತು. ಮೇಲ್ಕಂಡ ಕ್ರಿಯೆಯು ಪ್ರತಿ ಮೋಲ್ ಮೀಥೇನಿಗೆ 247 ಕಿಲೋಜೂಲ್ ಶಾಖವನ್ನು ಬೇಡುತ್ತದೆ. ಅದೇ ಮೀಥೇನನ್ನು ಉರಿಸಿದರೆ ಸಿಗುವ ಶಾಖ ಸುಮಾರು 802 ಕಿಲೋಜೂಲ್. ಆದ್ದರಿಂದ ಈ ಶಾಖವನ್ನು ನೈಸರ್ಗಿಕ ಅನಿಲದಿಂದಲೇ ಒದಗಿಸಿದಲ್ಲಿ, ಬಳಸಿಕೊಂಡ ಇಂಗಾಲದ ಡೈಆಕ್ಸೈಡಿನಲ್ಲಿ ಕನಿಷ್ಠ ಶೇ. 31ರಷ್ಟು ಚಿಮಣಿಯಿಂದ ಮರಳಿ ಹೊರಬೀಳುತ್ತದೆ. ಸಿನ್‌ಗ್ಯಾಸನ್ನೇ ಉರಿಸಿಬಿಟ್ಟರೆ ಉಳಿತಾಯವೇ ಇಲ್ಲ. ಭಾರತದಲ್ಲಿ ಕಾರ್ಬನ್ ಕ್ರೆಡಿಟ್ ವಹಿವಾಟು ಯೋಜನೆಯು 2023ರ ಜೂನ್‌ನಲ್ಲಿ ಅಧಿಸೂಚಿತವಾಗಿರುವುದರಿಂದ, ಒಟ್ಟು ಬಳಕೆಯನ್ನಲ್ಲ, ನಿವ್ವಳ ಉಳಿತಾಯವನ್ನೇ ಗಣಿಸುವುದು ವಿವೇಕ.

ನಿಕ್ಕಲ್ ಬೆಲೆಯೂ ಸ್ಥಿರವಲ್ಲ. 2022ರ ಮಾರ್ಚ್ 8ರಂದು ಲಂಡನ್ ಲೋಹ ವಿನಿಮಯ ಕೇಂದ್ರದಲ್ಲಿ ಅದು ಟನ್ನಿಗೆ 1 ಲಕ್ಷ ಡಾಲರ್ ದಾಟಿ, ವಹಿವಾಟನ್ನೇ ಸ್ಥಗಿತಗೊಳಿಸಬೇಕಾಯಿತು. ಗೋಬರ್ ಅನಿಲದಲ್ಲಿರುವ ಹೈಡ್ರೋಜನ್ ಸಲ್ಫೈಡ್ ನಿಕ್ಕಲ್‌ಗೆ ವಿಷಪ್ರಾಯವಾದುದರಿಂದ ಶುದ್ಧೀಕರಣದ ವೆಚ್ಚವೂ ಸೇರುತ್ತದೆ. ಮೆಥನಾಲ್‌ಗೆ ಹೆಚ್ಚುವರಿ ಜಲಜನಕ ಬೇಕು.

ಆದಕಾರಣ ಹೂಡಿಕೆಗೆ ಮುನ್ನ ಉದ್ಯಮಿಗಳು ಮೂರು ಅಂಕಿಗಳನ್ನು ಲಿಖಿತವಾಗಿ ಕೇಳಿ ಪಡೆಯುವುದು ಒಳಿತು: ವೇಗವರ್ಧಕದ ಆಯುಷ್ಯ ಎಷ್ಟು ಗಂಟೆ, ಶಾಖದ ಮೂಲ ಯಾವುದು, ಉತ್ಪನ್ನವನ್ನು ಕೊಳ್ಳುವವರು ಯಾರು ಹಾಗೂ ಯಾವ ದರಕ್ಕೆ. ಇವು ದೊರೆತ ಬಳಿಕವೇ ಯೋಜನಾ ವರದಿಗೆ ಅರ್ಥ ಬರುತ್ತದೆ.