ಹಂಗಾಮಿನ ಉದ್ದಿಮೆಗೆ ಹಿಮದ ಜಾರುಬಂಡಿಯ ಆಸರೆ

ಬೇಡಿಕೆಯು ವರ್ಷದ ಕೆಲವೇ ತಿಂಗಳುಗಳಿಗೆ ಸೀಮಿತವಾದ ಉದ್ದಿಮೆಗಳಲ್ಲಿ ಲಾಭವನ್ನು ಕರಗಿಸುವುದು ಬಿಡುವಿನ ಕಾಲದ ಸ್ಥಿರ ವೆಚ್ಚ. ಯಂತ್ರ ನಿಂತರೂ ಬಾಡಿಗೆ, ಬಡ್ಡಿ, ಸವಕಳಿ ನಿಲ್ಲುವುದಿಲ್ಲ. ಬಿಟ್ಟುಹೋದ ಕುಶಲ ಕಾರ್ಮಿಕರು ಮರಳಿ ಬರುವ ಭರವಸೆಯೂ ಇರುವುದಿಲ್ಲ. ಈ ಸಮಸ್ಯೆಗೆ ಅಮೆರಿಕದ ಫಿಲಡೆಲ್ಫಿಯಾದ ಉದ್ಯಮಿ ಸ್ಯಾಮ್ಯುಯೆಲ್ ಲೀಡ್ಸ್ ಅಲೆನ್ ಹಿಮದ ಮೇಲಿನ ಜಾರುಬಂಡಿಯಲ್ಲಿ ಪರಿಹಾರ ಕಂಡುಕೊಂಡ ಬಗೆ ಗಮನಾರ್ಹವಾಗಿದೆ.

ಅಲೆನ್ ಅವರ ಕಂಪನಿಯು 'ಪ್ಲಾನೆಟ್ ಜೂನಿಯರ್' ಹೆಸರಿನಲ್ಲಿ ಬೀಜ ಬಿತ್ತುವ, ಕಳೆ ತೆಗೆಯುವ ಸಲಕರಣೆಗಳನ್ನು ತಯಾರಿಸುತ್ತಿತ್ತು. ಇವುಗಳ ಮಾರಾಟ ಬೇಸಾಯದ ಹಂಗಾಮನ್ನು ಅವಲಂಬಿಸಿತ್ತು. ಕಾರ್ಮಿಕರಿಗೆ ವರ್ಷವಿಡೀ ಕೆಲಸ ಒದಗಿಸುವ ಸಲುವಾಗಿ ಅಲೆನ್ ಚಳಿಗಾಲದಲ್ಲಿ ಮಾರಾಟವಾಗುವ ವಸ್ತುವನ್ನು ಆರಿಸಿಕೊಂಡರು. ಮರ ಮತ್ತು ಉಕ್ಕನ್ನು ಜೋಡಿಸುವ ಕೌಶಲ ಅವರ ಕಾರ್ಖಾನೆಯಲ್ಲಿ ಆಗಲೇ ಇತ್ತು.

ಅಂದಿನ ಜಾರುಬಂಡಿಗಳನ್ನು ತಿರುಗಿಸಲು ಸವಾರನು ಕಾಲನ್ನು ಹಿಮಕ್ಕೆ ಒತ್ತಿ ಎಳೆಯಬೇಕಿತ್ತು. ಇದರಿಂದ ವೇಗ ಕುಗ್ಗುತ್ತಿತ್ತು. ಅಲೆನ್ ಮಾದರಿಯಲ್ಲಿ ಮುಂಭಾಗದ ಅಡ್ಡಪಟ್ಟಿಯನ್ನು ತಿರುಗಿಸಿದೊಡನೆ ತಳದ ಎರಡೂ ಉಕ್ಕಿನ ಪಟ್ಟಿಗಳು ಬಾಗಿ, ಬಂಡಿ ಬೇಕಾದ ಕಡೆಗೆ ಹೊರಳುತ್ತಿತ್ತು. 1889ರ ಆಗಸ್ಟ್ 13ರಂದು ಇದಕ್ಕೆ ಪೇಟೆಂಟ್ ದೊರೆಯಿತು. 'ಫ್ಲೆಕ್ಸಿಬಲ್ ಫ್ಲೈಯರ್' ಎಂಬುದು ಇದರ ಹೆಸರು.

ಆದರೆ ಆರಂಭದಲ್ಲಿ ಮಾರಾಟ ಮಂದವಾಗಿತ್ತು. ಕೃಷಿ ಸಲಕರಣೆಯ ಗ್ರಾಹಕ ಬೇರೆ, ಆಟದ ಬಂಡಿಯ ಗ್ರಾಹಕ ಬೇರೆ. ವಾನಾಮೇಕರ್, ಮೇಸೀಸ್‌ನಂತಹ ದೊಡ್ಡ ನಗರ ಮಳಿಗೆಗಳು ಕೈಹಿಡಿದ ಬಳಿಕವೇ ವ್ಯಾಪಾರ ಕುದುರಿತು. ಅಂದಿನ ಅಮೆರಿಕದ ಪೇಟೆಂಟ್ ಅವಧಿ 17 ವರ್ಷ ಮಾತ್ರ. ಆ ರಕ್ಷಣೆ ಮುಗಿದ ಮೇಲೂ ಹೆಸರು ಮತ್ತು ಹದ್ದಿನ ಲಾಂಛನ ಗ್ರಾಹಕರನ್ನು ಹಿಡಿದಿಟ್ಟವು. ಕಂಪನಿ ಪರರ ಕೈಸೇರಿದ್ದು 1968ರಲ್ಲಿ. ಭಾರತದಲ್ಲಿಯೂ ಪೇಟೆಂಟ್ 20 ವರ್ಷಗಳಿಗೆ ಕೊನೆಗೊಳ್ಳುತ್ತದೆ. ಟ್ರೇಡ್‌ಮಾರ್ಕ್ ನೋಂದಣಿಯನ್ನು 10 ವರ್ಷಗಳಿಗೊಮ್ಮೆ ನವೀಕರಿಸುತ್ತಾ ಹೋಗಬಹುದು.

ಪೂರಕ ಉತ್ಪನ್ನವು ತನ್ನ ನೇರ ವೆಚ್ಚವನ್ನು ಭರಿಸಿ, ಸ್ಥಿರ ವೆಚ್ಚದ ಒಂದು ಪಾಲನ್ನಾದರೂ ಹೊತ್ತರೆ ಅದು ಉದ್ದಿಮೆಗೆ ಆಸರೆಯೇ ಸರಿ. ಆದರೆ ಬೇಸಿಗೆಯಲ್ಲಿ ತಯಾರಾದ ಜಾರುಬಂಡಿ ಹಿಮ ಬೀಳುವವರೆಗೆ ಗೋದಾಮಿನಲ್ಲಿರಬೇಕು. ಹಿಮ ಕಡಿಮೆಯಾದರೆ ದಾಸ್ತಾನು ಉಳಿದು, ದುಡಿಯುವ ಬಂಡವಾಳ ಸಿಲುಕಿಕೊಳ್ಳುತ್ತದೆ. ಆದ್ದರಿಂದ ಹೊಸ ಉತ್ಪನ್ನಕ್ಕೆ ಕೈಹಾಕುವ ಮುನ್ನ ಇರುವ ಯಂತ್ರ ಮತ್ತು ಕೌಶಲ ಸಾಕೇ, ಮಾರುವ ದಾರಿ ಯಾವುದು, ದಾಸ್ತಾನಿನ ಮೇಲಿನ ಬಡ್ಡಿ ಎಷ್ಟು ಎಂಬ ಮೂರು ಲೆಕ್ಕಗಳನ್ನು ಕಾಗದದ ಮೇಲೆ ಬರೆದುಕೊಳ್ಳುವುದು ಕ್ಷೇಮ.